ಜಾಜೂರು ಸ್ಟೇಷನ್ನಿನಲ್ಲಿ ಹೂ ಮುಡಿಸಿದವರು

ಫೋನಿನಲ್ಲಿ ಜೀವವಿತ್ತು.

ಏಕನಾಥಮ್ಮ ರಿಸೀವರನ್ನು ಕಿವಿಗೆ ಹಿಡಿದು ಕೇಳಿದರು. ಒಂದೇ ಸಮನೆ ಗುಂಯ್ ಎನ್ನುವ ಸದ್ದು. ಅದನ್ನು ಪಕ್ಕದಲ್ಲಿದ್ದ ಶಾಹೀನ್ ಕೈಗೆ ಕೊಟ್ಟರು. ಸದ್ದು ಕೇಳಿದ ಹುಡುಗಿ ಕಣ್ಣು ಮುಚ್ಚಿಕೊಂಡಳು.

“ಕೆಟ್ಟಿರ್ಲಿ ಅಂತ ದಾರಿ ಉದ್ದಕ್ಕೂ ದುವಾ ಮಾಡ್ಕಂಡು ಬಂದೆ ಅಮ್ಮ.”

ಚಿಕ್ಕಜಾಜೂರು ಜಂಕ್ಷನ್ನಿನ ಪ್ಲಾಟ್‌ಫಾರಂ ಮೇಲೆ, ಚಹದಂಗಡಿಯ ಕಂಬಕ್ಕೆ ತಗುಲಿಸಿದ್ದ ಒಂದು ರೂಪಾಯಿಯ ಕಾಯಿನ್ ಬಾಕ್ಸ್ ಅದು. ಅದು ಕೆಟ್ಟು ಹೋಗಿದ್ದರೆ, ಸುಷ್ಮಿತಾ ಕ್ಷೇಮವಾಗಿದ್ದಾಳೆ ಎಂದು ನಂಬುವುದಕ್ಕೆ ಒಂದು ಕಾರಣವಾದರೂ ಇರುತ್ತಿತ್ತು.

ಬೆಳಿಗ್ಗೆ ಸುಷ್ಮಿತಾ ಚಿತ್ರದುರ್ಗ ಬಿಡುವಾಗ ಅವಳೂ ಶಾಹೀನಳೂ ಮಾಡಿಕೊಂಡ ಕರಾರು ಹೀಗಿತ್ತು. ಸುಷ್ಮಿತಾ ಜಾಜೂರಿಗೆ ಬಂದು, ತನ್ನನ್ನು ನೋಡಲು ಬರುವ ಹೆಂಗಸನ್ನು ಕಣ್ಣಾರೆ ಕಂಡು, ಎಲ್ಲ ಸರಿಯಿದೆ ಅನ್ನಿಸಿದರೆ ಈ ಡಬ್ಬಿಯಿಂದ ಒಂದು ಮಿಸ್ಡ್ ಕಾಲ್ ಕೊಡಬೇಕು. ಮೊಬೈಲಿನಿಂದ ಕಾಲ್ ಬಂದರೆ ಏನೋ ಕೆಟ್ಟಿದೆ ಎಂದು ಅರ್ಥ.

ಮಧ್ಯಾಹ್ನ ಬಂದದ್ದು ಮೊಬೈಲಿನಿಂದ. ಶಾಹೀನ್ ತಿರುಗಿ ಮಾಡಿದರೆ ಸ್ವಿಚ್ ಆಫ್.

ಆಕೆ ಟೈಲರಿಂಗ್ ಮೆಷಿನ್ನಿನ ಮೇಲೆ ಹೊಲಿಯುತ್ತಿದ್ದ ಬಟ್ಟೆಯನ್ನು ಹಾಗೇ ಬಿಟ್ಟು, ಅಂಗಡಿಗೆ ಬೀಗ ಹಾಕಿ, ಏಕನಾಥಮ್ಮನವರ ಮನೆಗೆ ಓಡಿದ್ದಳು. ಏಕನಾಥಮ್ಮ ಪೊಲೀಸ್ ಇಲಾಖೆಯಲ್ಲಿ ಎ.ಎಸ್.ಐ. ಆಗಿ ನಿವೃತ್ತರಾದವರು. ಅವರ ರವಿಕೆಗಳನ್ನೆಲ್ಲ ಹೊಲಿಯುವವಳು ಶಾಹೀನ್. ಅಷ್ಟೇ ಪರಿಚಯ. ಆದರೂ ತಾನು ಮತ್ತು ಸುಷ್ಮಿತಾ ಹೆಣ್ಣನ್ನೇ ಮೆಚ್ಚುವ ಹೆಣ್ಣುಗಳೆಂದು ಬಾಗಿಲಲ್ಲೇ ನಿಂತು ಹೇಳಿಬಿಟ್ಟಿದ್ದಳು. ಏಕನಾಥಮ್ಮ ದೇವರ ಮುಂದಿನ ದೀಪಕ್ಕೆ ಎಣ್ಣೆ ಹಾಕುತ್ತಿದ್ದವರು ಗಿಂಡಿ ಕೆಳಗಿಟ್ಟು, ಚಪ್ಪಲಿ ಮೆಟ್ಟಿದ್ದರು. ಬೇರೇನೂ ಕೇಳಿರಲಿಲ್ಲ.

ಕೇಳಿದ್ದು ಬಸ್ಸಿನಲ್ಲಿ.

“ಗಂಡು ಬೇಡ ಅಂದ್ರೆ ಬೇಡ ಬಿಡು. ಮುಖ ಕಾಣದೋರನ್ನ ನೋಡಕ್ಕೆ ಇಷ್ಟು ದೂರ ಬರೋ ಅಂಥದ್ದೇನಿತ್ತವ್ವ?”

“ಗಂಡು ಆದ್ರೆ ಮನಿಗೇ ಬರ್ತಾರೆ ಅಮ್ಮ. ಉಪ್ಪಿಟ್ಟು ತಿಂದು, ಹೆಣ್ಣು ಕಪ್ಪು ಅಂತ ಹೇಳಿ ಹೋಗ್ತಾರೆ. ನಮ್ಮಂಥೋರಿಗೆ ಯಾರು ತೋರಿಸ್ತಾರೆ? ಸೈಬರ್ ಸೆಂಟರಿಗೆ ಹೋಗಿ ಚಾಟ್ ಮಾಡಿದ್ರೆ ಈ ಜಿಲ್ಲೆನಾಗೆ ಇನ್ನೊಬ್ಬಳು ಅದಾಳೆ ಅಂತಾದ್ರೂ ಗೊತ್ತಾಗ್ತದೆ.”

“ಗೊತ್ತಾಗಿ?”

“ಒಂದು ಚಾ ಕುಡಿಯೋದು. ಮಾತಾಡೋದು. ಹಿಡಿಸಿದ್ರೆ ಇನ್ನೊಂದು ಸಲ. ಹಿಡಿಸ್ಲಿಲ್ಲ ಅಂದ್ರೆ ಅವರ ಬಸ್ಸು ಅವರಿಗೆ, ನಮ್ಮ ಬಸ್ಸು ನಮಗೆ. ಜಲಮದ ಸಂಬಂಧ ಏನಲ್ಲ.”

ಏಕನಾಥಮ್ಮ ಕಿಟಕಿಯ ಆಚೆ ನೋಡಿದ್ದರು. ಅವರಿಗೆ ಆ ಮಾತು ಪೂರ್ತಿ ಒಗ್ಗಲಿಲ್ಲ. ಆದರೆ ಕಳೆದ ಕಾರ್ತಿಕದಲ್ಲಿ ಮಗಳು ಕೊಟ್ರಮ್ಮ ಜ್ವರದಲ್ಲಿ ತೀರಿಕೊಂಡ ಮೇಲೆ, ಯಾರ ಮನೆಯ ಹೆಣ್ಣುಮಗಳಾದರೂ ಹೊತ್ತು ಮೀರಿ ಬಾರದಿದ್ದರೆ ಅವರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒಗ್ಗುವುದು ಒಗ್ಗದಿರುವುದು ಆಮೇಲಿನ ಮಾತು.

“ಮಿಸ್ಡ್ ಕಾಲ್ ವಿಚಾರ ಇನ್ಯಾರಿಗೆ ಗೊತ್ತಿತ್ತು?” ಎಂದು ಈಗ ಕೇಳಿದರು.

“ಆ ಸಂಜೆಮಲ್ಲಿಗೆಗೆ.”

ಸಂಜೆಮಲ್ಲಿಗೆ ಎಂಬುದು ಚಾಟಿನ ಹೆಸರು. ತಾನು ಹೊಳಲ್ಕೆರೆ ಕಡೆಯವಳು, ಮನೆಯಲ್ಲಿ ಮದುವೆಗೆ ಕಾಡುತ್ತಿದ್ದಾರೆ ಎಂದು ಅವಳು ಬರೆದಿದ್ದಳು. ಒಂದು ಫೋಟೋವನ್ನೂ ಕಳಿಸಿದ್ದಳು.

“ನನಗಾಗಿ ಒಬ್ಬಳು ಕಾಯ್ತಿರ್ತಾಳೆ, ಮುಟ್ಟಿದ ತಕ್ಷಣ ಮಿಸ್ಡ್ ಕಾಲ್ ಕೊಡಬೇಕು ಅಂತ ಚಾಟಿನಾಗೆ ಅವಳಿಗೆ ಹೇಳು ಅಂತ ನಾನೇ ಸುಷ್ಮಿಗೆ ಹೇಳಿಕೊಟ್ಟಿದ್ದೆ. ಹಿಂದೆ ಜನ ಐತೆ ಅಂತ ಗೊತ್ತಿದ್ರೆ ಕೆಟ್ಟೋರು ಹೆದರ್ತಾರೆ ಅಮ್ಮ. ಆದ್ರೆ ಎಲ್ಲಿಂದ ಕೊಡ್ತೀನಿ ಅನ್ನೋದು ಬಾಯಿಬಿಡಬೇಡ ಅಂದಿದ್ದೆ.”

“ಅಂದ್ರೆ ಕಾಲ್ ಕೊಟ್ಟೋರು ಆ ಚಾಟು ಓದಿದೋರು. ಇಲ್ಲಾ ಸುಷ್ಮಿತಾನೇ ಹೆಂಗೋ ಮಾಡಿ ಕೊಟ್ಟಾಳೆ. ಎರಡಕ್ಕೂ ಅರ್ಥ ಒಂದೇ, ಹುಡುಗಿ ಕಷ್ಟದಾಗೆ ಅದಾಳೆ.” ಏಕನಾಥಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. “ಪೊಲೀಸ್ ಸ್ಟೇಷನ್ನಿಗೆ ಹೋಗಾಣ ನಡಿ.”

ಶಾಹೀನ್ ಅವರ ಕೈ ಹಿಡಿದುಕೊಂಡಳು.

“ಪೊಲೀಸ್ರು ಮೊದಲು ಅವರಣ್ಣನ್ನ ಕರೆಸ್ತಾರೆ. ಯಾಕೆ ಬಂದಿದ್ಲು ಅಂತ ಕೇಳ್ತಾರೆ. ಅವರಣ್ಣ ಚೇತನ್‌ಕುಮಾರ್ ಕೆಟ್ಟೋನಲ್ಲ ಅಮ್ಮ, ಆದ್ರೆ ಇದು ಗೊತ್ತಾದ್ರೆ ಅವಳಿಗೆ ಆ ಮನೆ ಬಾಗಿಲು ಮುಚ್ಚಿಹೋಗ್ತದೆ. ಕೆಲಸ ಬಿಡಿಸಿ ಒಳಗೆ ಹಾಕ್ತಾರೆ. ಒಂಚೂರು ತಡೀರಿ.”

“ಜೀವ ಮೊದಲು, ಗುಟ್ಟು ಆಮೇಲೆ. ದೀಪ ಹಚ್ಚೋ ಹೊತ್ತಿಗೆ ಸಿಗಲಿಲ್ಲ ಅಂದ್ರೆ ನಾನು ನಿನ್ನ ಮಾತು ಕೇಳಲ್ಲ.”

ಚಹದಂಗಡಿಯ ತಿಮ್ಮರಾಯಪ್ಪ ಎರಡು ಲೋಟ ತಂದಿಟ್ಟ. ಇಷ್ಟು ಹೊತ್ತೂ ಅವರನ್ನೇ ನೋಡುತ್ತಿದ್ದ.

“ಫೋನು ನೆಟ್ಟಗೈತೆ ಅಮ್ಮಾರೆ. ರೂಪಾಯಿ ಹಾಕ್ರಿ, ಮಾತಾಡ್ರಿ. ಬರೇ ಕಿವಿಗಿಟ್ಕಂಡ್ರೆ ನನಗೇನು ಬಂತು?”

“ಬೆಳಿಗ್ಗೆ ಹಸಿರು ಚೂಡಿದಾರದ ಹುಡುಗಿ ಒಬ್ಬಳು ಬಂದಿದ್ಲೇನಪ್ಪ? ಸಣ್ಣಕೆ, ಎತ್ತರ.”

“ಬಂದಿತ್ತು. ಆ ಬೆಂಚಿನ ಮ್ಯಾಗೆ ಕುಂತಿತ್ತು. ಚಾ ಬೇಕಾ ಅಂದ್ರೆ, ಬರೋರು ಬರ್ಲಿ ಆಮೇಲೆ ಎರಡು ಕೊಡ್ರಿ ಅಂತು. ಆಮೇಲೆ ಆ ಮುತ್ತೈದಿ ಬಂದ್ರು.”

“ಯಾವ ಮುತ್ತೈದಿ?” ಶಾಹೀನ್ ಮುಂದೆ ಬಂದಳು. “ವಯಸ್ಸಿನ ಹುಡುಗಿ ಅಲ್ವಾ?”

“ಎಲ್ಲಿ ಹುಡುಗಿ? ಐವತ್ತು ದಾಟಿದ ಯಜಮಾನ್ತಿ. ಈ ಸುಡೋ ಬಿಸಿಲಿನಾಗೆ ರೇಷ್ಮೆ ಸೀರೆ, ಕೈ ತುಂಬ ಹಸಿರು ಬಳೆ. ಹುಡುಗಿ ಎದ್ದು ನಿಂತ್ಕಂತು. ಗುರ್ತು ಇದ್ದಂಗಿತ್ತು. ಆಯಮ್ಮ ಕುಂದ್ರಿಸಿ, ಕಿವಿಯಾಗೆ ಏನೇನೋ ಹೇಳಿದ್ರು. ಆಮೇಲೆ ಬಾಳೆಎಲೆ ಪೊಟ್ಟಣ ಬಿಚ್ಚಿ ಹೂ ಮುಡಿಸಿದ್ರು.”

ಏಕನಾಥಮ್ಮ ಲೋಟ ಕೆಳಗಿಟ್ಟರು. “ಏನು ಮಾಡಿದ್ರು?”

“ಹೂ ಮುಡಿಸಿದ್ರು ಅಂದೆ. ದುಂಡುಮಲ್ಲಿಗೆ ದಿಂಡು. ಹಣೆಗೆ ಕುಂಕುಮನೂ ಇಟ್ರು. ಹುಡುಗಿ ಕಣ್ಣಾಗೆ ನೀರು. ಮದುವಿ ಹೆಣ್ಣಲ್ವಾ, ಅಳ್ತದೆ ಅಂದ್ಕಂಡು ನಾನು ಈ ಕಡಿ ತಿರುಗಿದೆ. ಹೊರಗೆ ಜೀಪು ನಿಂತಿತ್ತು, ಹೋದ್ರು.”

“ಎಳ್ಕೊಂಡು ಹೋದ್ರಾ?”

“ಏ ಬಿಡ್ತು ಅನ್ರಿ. ಕೈ ಹಿಡ್ಕಂಡು ಹೋದ್ರು. ತಾಯಿ ಮಗಳು ಹೋದಂಗೆ.”

ಅಂಗಡಿಯ ಮುಂದೆ ಗೂಡ್ಸ್ ಗಾಡಿಯೊಂದು ನಿಧಾನವಾಗಿ ಹಾದುಹೋಗತೊಡಗಿತು. ಏಕನಾಥಮ್ಮ ಅದು ಮುಗಿಯುವ ತನಕ ಬೆಂಚಿನ ಸುತ್ತ ನೆಲ ನೋಡುತ್ತ ತಿರುಗಿದರು. ಬೆಂಚಿನ ಕಾಲಿನ ಹತ್ತಿರ ದಾರದಿಂದ ಕಳಚಿಬಿದ್ದ ಮಲ್ಲಿಗೆ ಮೊಗ್ಗುಗಳು ಬಾಡಿಕೊಂಡಿದ್ದವು. ಒಂದನ್ನೂ ಮುಟ್ಟಲಿಲ್ಲ.

“ಆ ಫೋಟೋ ಕೊಡು.”

ಶಾಹೀನ್ ಬ್ಯಾಗಿನಿಂದ ಕಾಗದ ತೆಗೆದಳು. ಚಾಟಿನಲ್ಲಿ ಬಂದ ಫೋಟೋವನ್ನು ಸೈಬರ್ ಸೆಂಟರಿನಲ್ಲಿ ಪ್ರಿಂಟ್ ಹಾಕಿಸಿದ್ದು. ಬರುವವಳ ಗುರುತು ಸಿಗಲಿ ಎಂದು ಒಂದು ಪ್ರತಿಯನ್ನು ತನ್ನ ಬಳಿ ಇಟ್ಟುಕೊಂಡಿದ್ದಳು.

ಚಿತ್ರದಲ್ಲಿ ಸೀರೆ ಉಟ್ಟ ಹುಡುಗಿಯೊಬ್ಬಳು ನಿಂತಿದ್ದಳು. ತಲೆಯಿಂದ ಪಾದದ ತನಕ ಪೂರ್ತಿ ಬಂದಿತ್ತು. ಪಕ್ಕದಲ್ಲಿ ಎತ್ತರದ ಸ್ಟೂಲು, ಅದರ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ. ಜಡೆಯನ್ನು ಎದೆಯ ಮೇಲೆ ಹಾಕಿಕೊಂಡಿದ್ದಳು.

“ನೀನು ಟೈಲರು. ಇದನ್ನ ನೋಡಿ ನಿನಗೇನೂ ಅನ್ನಿಸ್ಲಿಲ್ವಾ?”

“ಸೀರೆ ನೋಡಿದೆ ಅಮ್ಮ. ರವಿಕೆ ತೋಳು ಚೆನ್ನಾಗಿ ಕೂತೈತೆ ಅಂದ್ಕಂಡೆ.”

“ಗೆಳತಿಗೆ ಕಳಿಸೋ ಫೋಟೋದಾಗೆ ಯಾರವ್ವ ಜಡೆ ಮುಂದೆ ಹಾಕ್ಕಂಡು ನಿಲ್ತಾರೆ? ಕೂದಲು ಎಷ್ಟುದ್ದ ಐತೆ ಅಂತ ಗಂಡಿನ ತಾಯಿಗೆ ತೋರಿಸಬೇಕು. ಸ್ಟೂಲು ಯಾಕೆ? ಹುಡುಗಿ ಎಷ್ಟೆತ್ತರ ಅಂತ ಅಳೀಬೇಕು. ಇದು ಹೆಣ್ಣು ತೋರಿಸೋ ಫೋಟೋ. ನನ್ನ ಮಗಳದ್ದೂ ಹಿಂಗೇ ತೆಗೆಸಿದ್ದೆ.”

ಕೊನೆಯ ಮಾತು ತಾನಾಗಿ ಬಂದಿತ್ತು. ಅವರು ಅದನ್ನು ಅಲ್ಲಿಗೇ ಬಿಟ್ಟು ಮುಂದೆ ಹೋದರು.

“ಕದಿಯಕ್ಕೆ ಬಂದೋರು ಹೂ ಮುಡಿಸಲ್ಲ. ಮೋಸ ಮಾಡಕ್ಕೆ ಬಂದೋರೂ ಮುಡಿಸಲ್ಲ. ಸೊಸೆ ಮಾಡ್ಕಂಡು ಹೋಗ್ತೀವಿ ಅನ್ನೋರು ಮುಡಿಸ್ತಾರೆ. ಆ ಹೆಂಗಸಿಗೆ ಮಾಡ್ತಿರೋದು ತಪ್ಪು ಅಂತ ಗೊತ್ತಿದ್ರೂ ಶಾಸ್ತ್ರ ಬಿಟ್ಟು ಹೆಣ್ಣನ್ನ ಹೊರಡಿಸಕ್ಕೆ ಕೈ ಬರ್ಲಿಲ್ಲ. ನಾಳೆ ಏನಾದ್ರೂ ಆದ್ರೆ ಅಪಶಕುನ ತನ್ನ ತಲೆಗೆ ಬರ್ತದಲ್ಲ. ಸುಷ್ಮಿತಾಗೆ ಗುರ್ತಿರೋ, ಹೆಣ್ಣಿನ ಫೋಟೋ ಚೀಲದಾಗೆ ಇಟ್ಕಂಡು ತಿರುಗೋ ಹೆಂಗಸು ಯಾರು?”

ಶಾಹೀನ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

“ಚಂದ್ರಕ್ಕ. ಹೊಳಲ್ಕೆರೆಯ ಮದುವೆ ದಲ್ಲಾಳಿ. ಸುಷ್ಮಿ ಮನಿಗೆ ತಿಂಗಳಿಗೊಂದು ಸಂಬಂಧ ತರ್ತಿದ್ರು. ಇವಳು ಎಲ್ಲಾ ಬೇಡ ಅಂತಿದ್ಲು.”

ಆಟೋ ಹೊಳಲ್ಕೆರೆಯ ಕಡೆ ಹೊರಟಿತು. ಏಕನಾಥಮ್ಮನವರ ತುಟಿ ಅಲುಗುತ್ತಿತ್ತು. ದುರ್ಗದ ಬೆಟ್ಟದ ಮೇಲಿನ ತಾಯಿಯ ಹೆಸರನ್ನು ಅವರು ಕಷ್ಟದಲ್ಲಿ ಹೀಗೆಯೇ ಹೇಳಿಕೊಳ್ಳುವುದು, ಬೇಡಿಕೆಯನ್ನು ಬಿಟ್ಟು, ಬರಿಯ ಹೆಸರನ್ನು. ಮಗಳ ತಲೆದೆಸೆಯಲ್ಲಿ ಕೂತಾಗ ಬೇಡಿಕೊಂಡದ್ದು ಸಾಕಾಗಿತ್ತು.

ಚಂದ್ರಕ್ಕನ ಮನೆಯ ಬಾಗಿಲು ತೆಗೆದೇ ಇತ್ತು. ನಡುಮನೆಯ ಚಾಪೆಯ ಮೇಲೆ ತೆಂಗಿನಕಾಯಿ, ಬಾಳೆಹಣ್ಣು, ರವಿಕೆ ಕಣ ಇಟ್ಟ ಹಿತ್ತಾಳೆ ತಟ್ಟೆ. ರೇಷ್ಮೆ ಸೀರೆಯ ಹೆಂಗಸೊಬ್ಬಳು ವೀಳ್ಯದೆಲೆ ಒರೆಸಿ ಜೋಡಿಸುತ್ತಿದ್ದಳು. ಕೈ ತುಂಬ ಹಸಿರು ಬಳೆ.

“ಬರ್ರಿ, ಕುಂತ್ಕಳ್ರಿ. ಎಲ್ಲಿಂದ ಬಂದ್ರಿ?”

“ದುರ್ಗದಿಂದ. ಒಂದು ಹುಡುಗಿ ವಿಚಾರ.”

“ಮಗಳಿಗಾ? ಏನು ಓದೈತೆ?”

“ನನ್ನ ಮಗಳಿಗೆ ಇನ್ನು ಏನೂ ಬೇಡ ತಾಯಿ.”

ಚಂದ್ರಕ್ಕನಿಗೆ ಅದು ಅರ್ಥವಾಗಲಿಲ್ಲ. ವಾಡಿಕೆಯಂತೆ ಕುಂಕುಮದ ಬಟ್ಟಲು ಹಿಡಿದು ಬಂದವಳು, ಏಕನಾಥಮ್ಮನವರ ಬರಿಗೊರಳನ್ನು ಕಂಡು ನಡುವೆಯೇ ನಿಂತಳು.

“ಅದು ಅಲ್ಲೇ ಇರ್ಲಿ ಬಿಡ್ರಿ,” ಎಂದರು ಏಕನಾಥಮ್ಮ. “ಇವತ್ತು ಜಾಜೂರು ಸ್ಟೇಷನ್ನಿನಾಗೆ ಯಾರ ಹಣೆಗೆ ಇಟ್ರಿ, ಅದನ್ನ ಹೇಳ್ರಿ ಸಾಕು.”

ಬಟ್ಟಲು ಹಿಡಿದ ಕೈ ಒಂದಿಷ್ಟು ಇಳಿಯಿತು. ಆದರೆ ಆ ಹೆಂಗಸು ಸುಲಭಕ್ಕೆ ಬಗ್ಗುವವಳಲ್ಲ.

“ಇಟ್ಟೆ. ಕದ್ದು ಇಟ್ನಾ? ನಾಲ್ಕು ಜನದ ಮುಂದೆ ಇಟ್ಟೆ. ಹೊಸದುರ್ಗದ ಒಳ್ಳೆ ಮನೆತನ, ಗಂಡು ಹೈಸ್ಕೂಲ್ ಮೇಷ್ಟ್ರು. ಹುಡುಗಿ ಅವ್ವ ಬರಗೇರಮ್ಮ ಈ ಚಾಪಿ ಮ್ಯಾಗೆ ಕುಂತು ಅತ್ತಾಳೆ, ನನ್ನ ಮಗಳಿಗೆ ಒಂದು ದಡ ಕಾಣಿಸು ಅಂತ. ಇಷ್ಟು ವರ್ಷದಾಗೆ ನಾನು ಕೈಯಿಟ್ಟ ಸಂಬಂಧ ಕೂಡಿ ಬರದೇ ಹೋದದ್ದು ಇಲ್ಲ. ಆ ಹುಡುಗಿ ಒಬ್ಬಳೇ ನನ್ನ ಹೆಸರಿಗೆ ಮಸಿ ಬಳೀತಿದ್ಲು.”

“ಹುಡುಗಿ ಒಪ್ಪಿದ್ಲಾ?”

“ಒಪ್ಪಿದ್ಲು.”

“ಏನು ಹೇಳಿ ಒಪ್ಪಿಸಿದ್ರಿ?”

ಚಂದ್ರಕ್ಕ ಶಾಹೀನ್ ಕಡೆ ಒಮ್ಮೆ ನೋಡಿ ಮುಖ ತಿರುಗಿಸಿದಳು.

“ನಿನ್ನ ಹಕೀಕತ್ತೆಲ್ಲಾ ಗೊತ್ತೈತೆ, ಸುಮ್ನೆ ಬಂದ್ರೆ ನಿನ್ನ ಮಾನ ನನ್ನ ಹೊಟ್ಟೆಯಾಗೆ ಇರ್ತದೆ, ಇಲ್ಲಾಂದ್ರೆ ನಿಮ್ಮಣ್ಣನಿಗೆ ಹೇಳ್ತೀನಿ ಅಂದೆ. ಅವಳ ಒಳ್ಳೇದಕ್ಕೇ ಅಂದೆ. ಮದುವೆ ಆದ್ರೆ ಎಲ್ಲಾ ಸರಿ ಹೋಗ್ತದೆ.”

“ನಿಮಗೂ ಆಗಿತ್ತಲ್ಲ ಮದುವೆ, ನೀವು ಸರಿ ಹೋದ್ರಾ?” ಎಂದಳು ಶಾಹೀನ್. “ಹೆದರಿಸಿ ತಲೆಗೆ ಹೂ ಇಟ್ರೆ ಅದು ಶಾಸ್ತ್ರ ಏನ್ರಿ?”

“ನೋಡ್ರಿ, ಟೈಲರ್ ಹುಡುಗಿ ನನಗೆ ಶಾಸ್ತ್ರ ಹೇಳಿಕೊಡ್ತಾಳೆ!”

ಏಕನಾಥಮ್ಮ ಶಾಹೀನಳ ಭುಜ ಒತ್ತಿ ಕೂರಿಸಿದರು. ಪ್ರಿಂಟ್ ಹಾಕಿಸಿದ ಫೋಟೋವನ್ನು ಬಾಳೆಹಣ್ಣಿನ ತಟ್ಟೆಯ ಮೇಲಿಟ್ಟರು.

“ಇವಳು ಯಾರು?”

ಚಂದ್ರಕ್ಕ ಕಾಗದ ಎತ್ತಿ ಬೆಳಕಿಗೆ ಹಿಡಿದಳು. ಹುಬ್ಬು ಗಂಟಿಕ್ಕಿತು.

“ಹೊರಕೆರೆದೇವಪುರದ ಹುಡುಗಿ. ನಾನೇ ಮಾಡಿಸಿದ ಸಂಬಂಧ. ಹೋದ ವರ್ಷ ಮದುವೆ ಆಗಿ, ಈಗ ಬಸುರಿ. ನನ್ನ ಚೀಲದಾಗಿರೋ ಫೋಟೋ ಇದು, ನಿಮ್ಮ ಕೈಗೆ ಹೆಂಗೆ ಬಂತು?”

“ಕಂಪ್ಯೂಟರಿನಾಗೆ ಬಂತು. ಈ ಮುಖ ಮುಂದಿಟ್ಕಂಡು ಯಾರೋ ಸುಷ್ಮಿತಾ ಜೊತೆ ಹೆಣ್ಣಿನಂಗೆ ಮಾತಾಡ್ಯಾರೆ. ಜಾಜೂರಿಗೆ ಬರೋಹಂಗೆ ಮಾಡಿದ್ದು ಈ ಫೋಟೋನೇ. ಬಸುರಿ ಹೆಂಗಸಿನ ಮಾನಾನೂ ಇದರಾಗೆ ಐತೆ ಚಂದ್ರಕ್ಕ. ಅವಳ ಗಂಡ ಇದನ್ನ ಕಂಡ್ರೆ ಏನಾಗ್ತದೆ?”

ಹೆಣ್ಣುಮಕ್ಕಳು ಕಂಪ್ಯೂಟರಿನ ಮುಂದೆ ಕೂತರೆ ಕೆಟ್ಟರು ಎನ್ನುವ ಮನೆಗಳೇ, ಹುಡುಗಿಯ ನಕ್ಷತ್ರ, ಎತ್ತರ, ಬಣ್ಣ, ಮನೆಯ ವಿಳಾಸವನ್ನೆಲ್ಲ ಫೋಟೋದ ಹಿಂದೆ ಬರೆದು, ಒಂದು ಲೋಟ ಕಾಫಿ ಕುಡಿದು ಹೋಗುವವರ ಚೀಲಕ್ಕೆ ಹಾಕಿ ಕಳಿಸುತ್ತವೆ. ಆ ಚೀಲ ರಾತ್ರಿ ಯಾರ ಮನೆಯ ಮೊಳೆಗೆ ತೂಗುತ್ತದೆ ಎಂದು ಯಾರೂ ಕೇಳುವುದಿಲ್ಲ.

ಚಂದ್ರಕ್ಕ ಗೋಡೆ ಹಿಡಿದು ಕುಳಿತಳು.

“ನಮ್ಮ ತಮ್ಮನ ಮಗ ಪ್ರದೀಪ. ಬಸ್ ಸ್ಟ್ಯಾಂಡಿನ ಹತ್ರ ಸೈಬರ್ ಇಟ್ಟಾನೆ. ಗಂಡಿನ ಕಡೆಯೋರು ದೂರದಾಗಿದ್ರೆ ಫೋಟೋ ಅವನೇ ಕಳಿಸ್ತಾನೆ. ಆ ಹುಡುಗಿ ಹಿಂಗಂತೆ ಅತ್ತೆ, ಗಂಡು ಬೇಡ ಅನ್ನಕ್ಕೆ ಇದೇ ಕಾರಣ, ಇಂಥ ದಿನ ಜಾಜೂರಿಗೆ ಬರ್ತಾಳೆ ಅಂತ ಬಂದು ಹೇಳಿದ. ಹೆಂಗೆ ಗೊತ್ತಾಯ್ತು ಅಂದ್ರೆ ಕಂಪ್ಯೂಟರಿನಾಗೆ ಎಲ್ಲಾ ಗೊತ್ತಾಗ್ತದೆ ಅಂದ. ನನ್ನ ಚೀಲಕ್ಕೆ ಕೈ ಹಾಕ್ಯಾನೆ ಅಂತ ನನಗೇನು ಗೊತ್ತು ನಮ್ಮವ್ವ?”

“ಜೀಪಿನಾಗೆ ಅವನಿದ್ನಾ?”

“ಇದ್ದ. ಮುಂದಿನ ಸೀಟಿನಾಗೆ. ಹುಡುಗಿ ಫೋನು ಇಸ್ಕಂಡು, ಗೆಳತಿ ಕಾಯ್ತಿರ್ತಾಳೆ, ಪಾಪ ಗಾಬರಿ ಆಗಬಾರದು ಅಂತ ಒಂದು ಮಿಸ್ ಕಾಲೂ ಕೊಟ್ಟ. ಎಷ್ಟು ತಿಳುವಳಿಕೆ ನೋಡು ಹುಡುಗನಿಗೆ ಅಂದ್ಕಂಡೆ.”

ಶಾಹೀನ್ ತನ್ನ ಮೊಬೈಲು ತೆಗೆದು, ಮಧ್ಯಾಹ್ನ ಬಂದ ಆ ಕಾಲನ್ನು ಏಕನಾಥಮ್ಮನವರಿಗೆ ತೋರಿಸಿದಳು.

“ನೀವ್ಯಾಕೆ ಜೀಪು ಹತ್ತಲಿಲ್ಲ?” ಏಕನಾಥಮ್ಮ ಕೇಳಿದರು.

“ಗಂಡಿನ ಕಡೆಯ ಜೀಪು, ನಾನು ಹೊಸದುರ್ಗಕ್ಕೆ ಮುಟ್ಟಿಸಿರ್ತೀನಿ, ನೀನು ಮನಿಗೆ ಹೋಗಿ ಹುಡುಗಿ ಅಣ್ಣನ್ನ ಕರ್ಕೊಂಡು ಬಾ ಅಂದ. ಆ ಚೇತನ್‌ಕುಮಾರ್ ಈಗ ಬರ್ತಾನೆ. ತಂಗಿ ಒಪ್ಪಿದ್ಲು ಅಂತ ಫೋನ್ ಮಾಡಿದ್ದಕ್ಕೆ ಅಳಕ್ಕೇ ಹತ್ತಿದ, ಸಂತೋಷಕ್ಕೆ.”

ಬೀದಿಯಲ್ಲಿ ವ್ಯಾನು ನಿಂತ ಸದ್ದಾಯಿತು.

ಶಾಲೆಯ ಮಕ್ಕಳನ್ನು ಕರೆದೊಯ್ಯುವ ಓಮ್ನಿ ಅದು. ಇಸ್ತ್ರಿ ಮಾಡಿದ ಬಿಳಿ ಷರ್ಟು ತೊಟ್ಟ ಮೂವತ್ತರ ಗಂಡಸು ಸಿಹಿಯ ಡಬ್ಬಿ ಹಿಡಿದು ಒಳಗೆ ಬಂದ.

“ಚಂದ್ರಕ್ಕ, ನಿಮ್ಮ ಬಾಯಿಗೆ ಮೊದಲು ಪೇಡ…” ಎಂದವನು ಶಾಹೀನಳನ್ನು ನೋಡಿ ನಿಂತ. “ಏನಮ್ಮ, ನೀನೂ ಬಂದಿದೀಯ? ಸುಷ್ಮಿ ನಿನಗೆ ಮೊದಲೇ ಹೇಳಿದ್ಲಾ? ನೋಡು, ನನಗೊಂದು ಮಾತು ಹೇಳಿಲ್ಲ ಕಳ್ಳಿ!”

ಯಾರೂ ನಗಲಿಲ್ಲ.

“ಕುಂತ್ಕಳಪ್ಪ,” ಎಂದರು ಏಕನಾಥಮ್ಮ. “ಹೊಸದುರ್ಗದ ಗಂಡಿನ ಮನೆಗೆ ಫೋನ್ ಮಾಡು. ಜೀಪು ಮುಟ್ಟಿತಾ ಅಂತ ಕೇಳು, ಅಷ್ಟೇ.”

ಚೇತನ್‌ಕುಮಾರ್ ಅವರನ್ನೂ ಚಂದ್ರಕ್ಕನನ್ನೂ ನೋಡಿ ಮೊಬೈಲು ತೆಗೆದ. ಆ ಕಡೆಯ ಮುದುಕರ ಧ್ವನಿ ದೊಡ್ಡದು, ನಡುಮನೆಗೆಲ್ಲ ಕೇಳಿಸಿತು.

“ಜೀಪಾ? ನಾವ್ಯಾವ ಜೀಪೂ ಕಳಿಸಿಲ್ಲವಲ್ಲಪ್ಪ. ನೀವೇ ಹುಡುಗಿ ಕರ್ಕೊಂಡು ಬರ್ತೀರಿ ಅಂತ ಪ್ರದೀಪ ಹೇಳಿದ್ದ. ಇಲ್ಲಿ ಎಲ್ಲಾರೂ ಕಾಯ್ತಾ ಕುಂತಿದೀವಿ.”

ಚಂದ್ರಕ್ಕನ ಕೈಯಲ್ಲಿದ್ದ ಫೋಟೋ ಕೆಳಗೆ ಜಾರಿತು. “ಹಂಗಾದ್ರೆ ನಾನು ಆ ಕೂಸನ್ನ ಯಾರ ಜೀಪಿಗೆ ಹತ್ತಿಸಿದೆ?” ಎಂದಳು. ಅದು ಯಾರನ್ನೂ ಕೇಳಿದ್ದಲ್ಲ.

ಪ್ರದೀಪನ ನಂಬರಿಗೆ ಮಾಡಿದರೆ ಸ್ವಿಚ್ ಆಫ್. ಚೇತನ್‌ಕುಮಾರ್ ಸಿಹಿಯ ಡಬ್ಬಿಯನ್ನು ಕೆಳಗಿಟ್ಟ.

“ಯಾವ ಜೀಪು? ನನ್ನ ತಂಗಿ ಎಲ್ಲಿ? ಅವಳು ಜಾಜೂರಿಗೆ ಯಾಕೆ ಹೋಗಿದ್ಲು? ಯಾರಾದ್ರೂ ಬಾಯಿ ಬಿಡ್ರಿ!”

ಬಾಯಿ ತೆರೆದವಳು ಚಂದ್ರಕ್ಕ. ಏಕನಾಥಮ್ಮ ಆಕೆಯ ಕಡೆ ನೋಡಿದ ನೋಟಕ್ಕೆ ಮತ್ತೆ ಮುಚ್ಚಿದಳು. ಅದು ಅವಳು ಹೇಳುವ ಮಾತಾಗಿರಲಿಲ್ಲ.

ಶಾಹೀನ್ ಎದ್ದು ನಿಂತಳು.

“ರಾಮಗಿರಿ,” ಎಂದಳು. “ಬೆಟ್ಟದ ಹಿಂದೆ ಒಂದು ಒಂಟಿ ಮನೆ ಐತೆ, ಹಗಲೊತ್ತು ಯಾರೂ ಇರಲ್ಲ, ಅಲ್ಲಿಗೇ ಬಾ ಅಂತ ಮೊದಲು ಚಾಟಿನಾಗೆ ಅಂದಿದ್ರು. ನಾನು ಬೇಡ ಅಂದೆ. ಜನ ಓಡಾಡೋ ಜಾಗ ಇರ್ಲಿ ಅಂತ ಜಾಜೂರು ಆರಿಸಿದ್ದು ನಾನು. ಈಗ ಅಲ್ಲಿಗೇ ಕರ್ಕೊಂಡು ಹೋಗಿರ್ತಾರೆ.”

“ಯಾರು ಅಂದಿದ್ರು? ಯಾರಿಗೆ ಅಂದಿದ್ರು? ನೀನು ಆರಿಸೋದು ಅಂದ್ರೇನು?”

“ಗಾಡಿ ಹತ್ರಿ ಅಣ್ಣ, ದಾರಿನಾಗೆ ಎಲ್ಲಾ ಹೇಳ್ತೀನಿ. ಒಂದೇ ಕೇಳೋದು. ನಾನು ಹೇಳಿದ್ದು ಕೇಳಿದ ಮೇಲೂ ಗಾಡಿ ನಿಲ್ಲಿಸಲ್ಲ, ಹಿಂದಕ್ಕೆ ತಿರುಗಿಸಲ್ಲ ಅಂತ ನಿಮ್ಮವ್ವನ ಮ್ಯಾಲೆ ಆಣೆ ಇಡ್ರಿ.”

ಚೇತನ್‌ಕುಮಾರ್ ವ್ಯಾನಿನ ಕೀಲಿಯನ್ನು ಕೈಯಲ್ಲಿ ಹಿಡಿದುಕೊಂಡು ಅವಳ ಮುಖವನ್ನೇ ನೋಡಿದ. ನೋಡುತ್ತ ನೋಡುತ್ತ, ಎಷ್ಟೋ ವರ್ಷ ಕಂಡೂ ಕಾಣದೆ ಬಿಟ್ಟ ಸಂಗತಿಯೊಂದು ಈಗ ಎದುರಿಗೆ ಬಂದು ನಿಂತಂತೆ ಅವನ ಮುಖದ ಬಣ್ಣ ಬದಲಾಯಿತು.

ಆಣೆ ಇಡಲಿಲ್ಲ.